ರ‍್ಯಾಮ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಪಾರ್ಸೆಲ್ ಮಾಡೋದು ಹೇಗೆ? ಸ್ಟ್ಯಾಟಿಕ್‌ಗೂ ಸಿಗದೆ ಪೆಟ್ಟೂ ಬೀಳದೆ ತಲುಪಿಸೋ ಪೂರ್ತಿ ವಿಧಾನ

ಕಂಪ್ಯೂಟರ್ ಪಾರ್ಟ್ ಕೊರಿಯರ್ ಮಾಡ್ಬೇಕು ಅಂದ್ರೆ ಎಲ್ರಿಗೂ ಬರೋದು ಒಂದೇ ಯೋಚನೆ, ದಾರೀಲಿ ಎತ್ತಿ ಒಗೆದ್ರೆ ಏನು ಗತಿ ಅಂತ. ಹಾಗಾಗಿ ಬಬಲ್ ರ‍್ಯಾಪ್ ತಗೊಂಡು ನೇರವಾಗಿ ಬೋರ್ಡಿಗೇ ನಾಲ್ಕು ಸುತ್ತು ಸುತ್ತಿ, ಮೇಲೆ ಬ್ರೌನ್ ಟೇಪ್ ಬಿಗಿದು ಕಳಿಸಿಬಿಡ್ತಾರೆ. ಪೆಟ್ಟೇನೋ ತಪ್ಪತ್ತೆ, ಆದ್ರೆ ಸಾದಾ ಬಬಲ್ ರ‍್ಯಾಪ್ ಅಂದ್ರೆ ಪಾಲಿಥೀನು, ಹುಬ್ಬಳ್ಳಿಯಿಂದ ಬೆಂಗಳೂರಿನವರೆಗೂ ಅದು ಬೋರ್ಡಿಗೆ ಉಜ್ಜಿಕೊಂಡೇ ಹೋಗತ್ತೆ, ಉಜ್ಜಿದಷ್ಟೂ ಚಾರ್ಜ್ ಹುಟ್ಟತ್ತೆ, ಸ್ಟ್ಯಾಟಿಕ್ ಅನ್ನೋದು ಇದನ್ನೇ, ಚಿಪ್ ಸುಡೋದೂ ಇದೇ. ಆ ಕಡೆ ಬಿಚ್ಚಿದೋರು ನೋಡಿದ್ರೆ ಒಂದು ಗೀರೂ ಇಲ್ಲ, ಹಾಕಿದ್ರೆ ಡಿಸ್‌ಪ್ಲೇ ಬರಲ್ಲ, ಆಮೇಲೆ ಮಾರಿದೋರಿಗೂ ಕೊಂಡೋರಿಗೂ ಜಗಳ.

ಹಾಗಾಗಿ ಒಂದು ಕ್ರಮ ಮೊದ್ಲೇ ತಲೇಲಿ ಇಟ್ಕೊಳ್ಳಿ, ಉಳಿದಿದ್ದೆಲ್ಲ ಇದರ ವಿವರಾನೇ: ಒಳಗೆ ಸ್ಟ್ಯಾಟಿಕ್ ತಡೆಯೋ ಕವರ್, ಅದರ ಮೇಲೆ ಮೆತ್ತಗಿರೋದು, ಅದರ ಮೇಲೆ ಗಟ್ಟಿ ಬಾಕ್ಸ್. ಈ ಮೂರು ಪದರ ಅದಲು ಬದಲಾದ್ರೆ ಎಷ್ಟು ದುಡ್ಡು ಸುರಿದು ಪ್ಯಾಕ್ ಮಾಡಿದ್ರೂ ಪ್ರಯೋಜನ ಇಲ್ಲ.

ಸ್ಟ್ಯಾಟಿಕ್ ನಿಜವಾಗ್ಲೂ ಅಷ್ಟು ಅಪಾಯಾನಾ

"ನಾನು ಇಷ್ಟು ವರ್ಷದಿಂದ ಬರಿಗೈಲಿ ರ‍್ಯಾಮ್ ಹಾಕ್ತಿದೀನಿ, ಏನೂ ಆಗಿಲ್ಲ" ಅನ್ನೋರು ಪ್ರತಿ ಊರಲ್ಲೂ ಸಿಗ್ತಾರೆ. ಸುಳ್ಳು ಹೇಳ್ತಿಲ್ಲ ಪಾಪ, ಆದ್ರೆ ಅವರಿಗೆ ಗೊತ್ತಾಗೋ ಹಾಗೂ ಇಲ್ಲ. ಬೆರಳ ತುದೀಲಿ ಚಟ್ ಅಂತ ಹೊಡೆದಿದ್ದು ನಮಗೆ ಗೊತ್ತಾಗ್ಬೇಕಾದ್ರೆ ಸುಮಾರು 3,000 ವೋಲ್ಟ್ ಬೇಕು, ಕೆಲವು ಚಿಪ್‌ಗಳು ಹಾಳಾಗೋದಕ್ಕೆ ನೂರಿನ್ನೂರು ವೋಲ್ಟ್ ಸಾಕು. ನಡುವೆ ಇರೋ ಅಷ್ಟೂ ಹೊಡೆತ ನಮಗೆ ಗೊತ್ತೇ ಆಗದೆ ಬಿದ್ದಿರತ್ತೆ. ಇನ್ನೊಂದು, ಹೊಡೆತ ಬಿದ್ದ ತಕ್ಷಣ ಚಿಪ್ ಸಾಯ್ಲೇಬೇಕು ಅಂತೇನಿಲ್ಲ, ಒಳಗೆ ಅರ್ಧಂಬರ್ಧ ಸುಟ್ಟು, ಟೆಸ್ಟ್ ಮಾಡಿದಾಗ ಚೆನ್ನಾಗೇ ಓಡಿ, ಮೂರು ತಿಂಗಳ ಮೇಲೆ ಬ್ಲೂ ಸ್ಕ್ರೀನ್ ಶುರುವಾಗತ್ತೆ, ಆಗ ಯಾರೂ ಪ್ಯಾಕಿಂಗ್ ನೆನಪು ಮಾಡ್ಕೊಳ್ಳಲ್ಲ, ವಿಂಡೋಸ್‌ಗೆ ಬೈತಾರೆ.

ಹವೆ ಮೇಲೂ ತುಂಬಾ ಹೋಗತ್ತೆ ಇದು. ಈ ಕ್ಷೇತ್ರದೋರು ಸಾಮಾನ್ಯವಾಗಿ ಕೊಡೋ ಲೆಕ್ಕದಲ್ಲಿ, ತೇವಾಂಶ ಶೇ. 10ರಿಂದ 25ರಷ್ಟು ಇರೋ ಒಣ ಹವೇಲಿ ಕಾರ್ಪೆಟ್ ಮೇಲೆ ನಡೆದ್ರೆ 35,000 ವೋಲ್ಟ್ ತನಕ ಹುಟ್ಟಬಹುದು, ಅದೇ ಶೇ. 65 ದಾಟಿದ್ರೆ ಸುಮಾರು 1,500. ಮೇಜಿನ ಮೇಲಿಂದ ಮಾಮೂಲಿ ಪ್ಲಾಸ್ಟಿಕ್ ಕವರ್ ಎತ್ತಿಕೊಂಡ್ರೂ ಒಣ ಹವೇಲಿ 20,000 ತನಕ ಹೋಗತ್ತಂತೆ. ಅಂದ್ರೆ ಮಂಗಳೂರಲ್ಲಿ ಜುಲೈ ತಿಂಗಳಲ್ಲಿ ಪ್ಯಾಕ್ ಮಾಡೋದಕ್ಕೂ, ಬೀದರ್ ಕಲಬುರಗಿ ಕಡೆ ಜನವರೀಲಿ ಸ್ವೆಟರ್ ಬಿಚ್ಚಿದ್ರೆ ಚಟಪಟ ಅನ್ನೋ ಹೊತ್ತಲ್ಲಿ ಪ್ಯಾಕ್ ಮಾಡೋದಕ್ಕೂ ಬಹಳ ವ್ಯತ್ಯಾಸ ಇದೆ. ಹಾಗಂತ ಮಂಗಳೂರಿನೋರು ಆರಾಮಾಗಿರೋ ಹಾಗಿಲ್ಲ, ಯಾಕಂದ್ರೆ ಪಾರ್ಸೆಲ್ ಹೋಗೋ ಊರು, ಅಲ್ಲಿ ಬಿಚ್ಚೋ ಎಸಿ ರೂಮು ನಿಮ್ಮ ಕೈಲಿಲ್ಲ.

ಯಾವ ಕವರ್ ಯಾವ ಕೆಲಸಕ್ಕೆ

ಇಲ್ಲೇ ಅತಿ ಹೆಚ್ಚು ಜನ ಎಡವೋದು. "ಆಂಟಿ ಸ್ಟ್ಯಾಟಿಕ್ ಕವರ್" ಅಂತ ಕೇಳಿದ್ರೆ ಅಂಗಡೀಲಿ ಎರಡು ಮೂರು ಥರದ್ದು ಕೊಡ್ತಾರೆ, ಎಲ್ಲ ಒಂದೇ ಅಲ್ಲ.

ಗುಲಾಬಿ ಬಣ್ಣದ ಕವರ್, ಗುಲಾಬಿ ಬಬಲ್ ರ‍್ಯಾಪ್, ಗುಲಾಬಿ ಫೋಮ್, ಇವು ಉಜ್ಜಿದ್ರೆ ತಾವಾಗಿ ಚಾರ್ಜ್ ಹುಟ್ಟಿಸಲ್ಲ, ಅಷ್ಟೇ. ಹೊರಗಿಂದ ಯಾರೋ ಚಾರ್ಜ್ ಆಗಿರೋ ಕೈಲಿ ಮುಟ್ಟಿದ್ರೆ ತಡೆಯೋ ಶಕ್ತಿ ಇವಕ್ಕಿಲ್ಲ. ಸ್ಕ್ರೂ, ಕೇಬಲ್, ಬ್ರ್ಯಾಕೆಟ್ ಥರದ್ದಕ್ಕೆ, ಇಲ್ಲಾಂದ್ರೆ ಒಳಗಡೆ ಮೆತ್ತೆಯಾಗಿ ಹಾಕೋಕೆ ಒಳ್ಳೇದು. ಬರೀ ಗುಲಾಬಿ ಕವರಲ್ಲಿ ಮದರ್‌ಬೋರ್ಡ್ ಹಾಕಿ ಕಳಿಸ್ಬೇಡಿ.

ಅರೆಪಾರದರ್ಶಕವಾಗಿ ಬೂದಿ ಬೆಳ್ಳಿ ಬಣ್ಣದಲ್ಲಿ ಇರತ್ತಲ್ಲ, ಹೊಸ ಹಾರ್ಡ್ ಡಿಸ್ಕ್, ಮದರ್‌ಬೋರ್ಡ್ ಜೊತೆ ಬರೋದು, ಅದು ಶೀಲ್ಡಿಂಗ್ ಕವರ್. ಪ್ಲಾಸ್ಟಿಕ್ ಪದರಗಳ ಮಧ್ಯೆ ತೆಳ್ಳಗೆ ಲೋಹದ ಲೇಪ ಇರತ್ತೆ, ಒಳಮೈ ಚಾರ್ಜ್ ಹುಟ್ಟಿಸದ ಥರದ್ದು. ಬಾಯಿ ಪೂರ್ತಿ ಮುಚ್ಚಿದ್ರೆ ಹೊರಗಿನ ಹೊಡೆತ ಆ ಲೋಹದ ಪದರದಲ್ಲೇ ಸುತ್ತಿ ಹೋಗತ್ತೆ, ಒಳಗಿನ ಪಾರ್ಟಿಗೆ ಮುಟ್ಟಲ್ಲ. ನಮಗೆ ಬೇಕಾಗಿರೋದು ಇದೇ. ಬಾಯಿ ತೆರೆದಿದ್ರೆ ಅಥವಾ ಪಾರ್ಟ್ ಒಂದಿಂಚು ಹೊರಗೆ ಇಣುಕಿದ್ರೆ ಪೂರ್ತಿ ರಕ್ಷಣೆ ಸಿಗಲ್ಲ, ಹಾಗಾಗಿ ಪಾರ್ಟಿಗಿಂತ ದೊಡ್ಡ ಸೈಜ್ ತಗೊಳ್ಳಿ, ಎರಡು ಸಲ ಮಡಚೋಷ್ಟು ಬಾಯಿ ಉಳೀಬೇಕು.

ಕಪ್ಪು ಬಣ್ಣದ ಕಂಡಕ್ಟಿವ್, ಅಂದ್ರೆ ಕರೆಂಟ್ ಹರಿಯೋ ಥರದ, ಕವರೂ ಸಿಗತ್ತೆ. ಅದರೊಳಗೆ ಬಟನ್ ಸೆಲ್ ಇರೋ ಬೋರ್ಡ್ ಹಾಕಿದ್ರೆ ಸೆಲ್ ಮೆಲ್ಲಗೆ ಖಾಲಿಯಾಗಬಹುದು, ಮದರ್‌ಬೋರ್ಡಿಗೆ ಬೇಡ.

ಹಳೇ ಶೀಲ್ಡಿಂಗ್ ಕವರ್ ಮತ್ತೆ ಬಳಸಬಹುದು, ಬೆಳಕಿಗೆ ಹಿಡಿದು ನೋಡಿ, ಸೂಜಿ ಚುಚ್ಚಿದ ಹಾಗೆ ತೂತು ಇದ್ರೆ ಅಥವಾ ಸುಕ್ಕಿನಲ್ಲಿ ಲೋಹ ಉದುರಿ ಬಿಳಿ ಗೆರೆ ಕಂಡ್ರೆ ಬಿಸಾಕಿ. ಚಿಪ್ಸ್ ಪ್ಯಾಕೆಟ್ ಕೂಡ ಬೆಳ್ಳಿಯೇ, ಆನ್‌ಲೈನ್ ಶಾಪಿಂಗ್‌ನ ಫಳಫಳ ಕವರೂ ಬೆಳ್ಳಿಯೇ, ಬಣ್ಣ ನೋಡಿ ಮೋಸ ಹೋಗ್ಬೇಡಿ. ಹೊಸದು ಬೇಕು ಅಂದ್ರೆ ಬೆಂಗಳೂರಲ್ಲಿ ಎಸ್‌ಪಿ ರೋಡ್ ಕಡೆ ವಿಚಾರಿಸಿ, ಬೇರೆ ಊರಲ್ಲಿ ಕಂಪ್ಯೂಟರ್ ಸರ್ವಿಸ್ ಅಂಗಡಿಯೋರ ಹತ್ರ ಬಂದ ಪಾರ್ಟ್‌ಗಳ ಕವರ್ ಬಿದ್ದಿರತ್ತೆ, ಕೇಳಿದ್ರೆ ಸುಮ್ನೆ ಕೊಡ್ತಾರೆ.

ಏನೂ ಸಿಗ್ಲೇ ಇಲ್ವಾ? ತುರ್ತಿಗೆ ಅಂತ ಒಂದು ದಾರಿ ಇದೆ: ಪಾರ್ಟನ್ನ ಮೊದ್ಲು ಸಾದಾ ಪೇಪರಲ್ಲಿ ಸುತ್ತಿ, ಅದರ ಮೇಲೆ ಅಡುಗೆಮನೆ ಅಲ್ಯುಮಿನಿಯಂ ಫಾಯಿಲ್ ಎಲ್ಲೂ ಸಂದು ಬಿಡದ ಹಾಗೆ ಎರಡು ಸುತ್ತು. ಪೇಪರ್ ಪ್ಲಾಸ್ಟಿಕ್ಕಿನಷ್ಟು ಚಾರ್ಜ್ ಆಗಲ್ಲ, ಫಾಯಿಲ್ ಹೊರಗಿನದನ್ನ ತಡೆಯತ್ತೆ. ರ‍್ಯಾಮಿಗೆ ನಡೆಯತ್ತೆ. ಬ್ಯಾಟರಿ ಇರೋ ಬೋರ್ಡಿಗೆ ಈ ಫಾಯಿಲ್ ಸಹವಾಸ ಬೇಡ, ಒಳಗೆಲ್ಲೋ ಹರಿದು ತಾಗಿದ್ರೆ ಶಾರ್ಟು.

ಬಿಚ್ಚೋಕೆ ಕೂರೋ ಮೊದಲು

ಮೊದ್ಲು ಫೋಟೋ. ಪಾರ್ಟ್ ಕೆಲಸ ಮಾಡ್ತಿರೋ ವಿಡಿಯೋ, ಸೀರಿಯಲ್ ನಂಬರ್, ಎರಡೂ ಬದಿ, ಮದರ್‌ಬೋರ್ಡ್ ಆದ್ರೆ ಪ್ರೊಸೆಸರ್ ಕೂರೋ ಸಾಕೆಟ್ಟಿನ ಪಿನ್‌ಗಳು ಹತ್ತಿರದಿಂದ ಸ್ಪಷ್ಟವಾಗಿ. ವಾರಂಟಿಗೆ ಕಳಿಸೋರಿಗಂತೂ ಇದು ಕಡ್ಡಾಯ, ಸಾಕೆಟ್ ಪಿನ್ ಬಗ್ಗಿದೆ ಅಂದ್ರೆ ಫಿಸಿಕಲ್ ಡ್ಯಾಮೇಜ್ ಅಂತ ಬರೆದು ವಾಪಸ್ ಕಳಿಸ್ತಾರೆ, ನಿಮ್ಮ ಮನೇಲಿ ಬಗ್ಗಿರಲಿಲ್ಲ ಅಂತ ತೋರಿಸೋಕೆ ಆ ಫೋಟೋ ಬಿಟ್ರೆ ಬೇರೇನೂ ಇರಲ್ಲ. ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಆದ್ರೆ ಬ್ಯಾಕಪ್ ತಗೊಂಡು ಪೂರ್ತಿ ಅಳಿಸಿ, ಕ್ವಿಕ್ ಫಾರ್ಮ್ಯಾಟ್ ಸಾಲದು.

ಜಾಗ ಅಂದ್ರೆ ಮರದ ಮೇಜು ಸಾಕು, ಹಾಸಿಗೆ, ಸೋಫಾ, ಕಾರ್ಪೆಟ್ ಬೇಡ. ಕಾಟನ್ ಬಟ್ಟೆ ಹಾಕ್ಕೊಳ್ಳಿ, ಉಣ್ಣೆ ಮತ್ತೆ ನೈಲಾನ್ ಬೇಡ. ರೆಡ್ ಆಕ್ಸೈಡ್ ನೆಲದ ಹಳೇ ಮನೆ ಆಗಿದ್ರೆ ಬರಿಗಾಲಲ್ಲಿ ಕೂತ್ಕೊಳ್ಳಿ, ಅದೂ ಒಂದು ಅನುಕೂಲ.

ಕಂಪ್ಯೂಟರ್ ಶಟ್‌ಡೌನ್ ಮಾಡಿ, ಪ್ಲಗ್ ಪೂರ್ತಿ ಕಿತ್ತು, ಆಮೇಲೆ ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡೀರಿ, ಒಳಗೆ ಉಳಿದಿರೋ ಕರೆಂಟ್ ಖಾಲಿಯಾಗಲಿ. ರಿಸ್ಟ್ ಸ್ಟ್ರ್ಯಾಪ್ (ಮೈಮೇಲಿನ ಚಾರ್ಜನ್ನ ವೈರ್ ಮೂಲಕ ಇಳಿಸೋ ಮಣಿಕಟ್ಟಿನ ಪಟ್ಟಿ) ಇದ್ರೆ ಕೈಗೆ ಬಿಗಿಯಾಗಿ ಕಟ್ಟಿ, ಕ್ಲಿಪ್ಪನ್ನ ಕ್ಯಾಬಿನೆಟ್‌ನ ಪೇಂಟ್ ಇಲ್ಲದ ಲೋಹಕ್ಕೆ ಹಾಕಿ. "ನಮ್ಮನೇಲಿ ಅರ್ತಿಂಗ್ ಸರಿ ಇಲ್ಲ, ಸ್ಟ್ರ್ಯಾಪ್ ಹಾಕಿ ಏನು ಉಪಯೋಗ" ಅಂತ ಕೇಳ್ತಾರೆ. ನೀವು, ಕ್ಯಾಬಿನೆಟ್ಟು, ಬೋರ್ಡು ಮೂರೂ ಒಂದೇ ಮಟ್ಟದಲ್ಲಿದ್ರೆ ಕಿಡಿ ಹಾರೋಕೆ ಕಾರಣಾನೇ ಇರಲ್ಲ, ಬಿಚ್ಚೋ ಕೆಲಸಕ್ಕೆ ಅಷ್ಟು ಸಾಕು. ಸ್ಟ್ರ್ಯಾಪಿನ ದಾರದಲ್ಲಿ ಕರೆಂಟ್ ಹರಿಯೋದನ್ನ ತಗ್ಗಿಸೋ 1 ಮೆಗಾಓಮ್ ರೆಸಿಸ್ಟರ್ ಇರತ್ತೆ, ಅದು ನಿಮ್ಮ ಜೀವದ ರಕ್ಷಣೆಗೆ, ಸ್ಟ್ರ್ಯಾಪ್ ಬದಲು ಬರೀ ತಾಮ್ರದ ವೈರ್ ಕೈಗೆ ಸುತ್ಕೋಬೇಡಿ. ವೈರೇ ಇಲ್ಲದ "ಕಾರ್ಡ್‌ಲೆಸ್" ಸ್ಟ್ರ್ಯಾಪ್ ಅಂತ ಮಾರ್ತಾರೆ, ಅದು ಬಳೆ, ಅಷ್ಟೇ. ಸ್ಟ್ರ್ಯಾಪ್ ಇಲ್ಲ ಅಂದ್ರೆ ಪ್ರತಿ ಸಲ ಪಾರ್ಟ್ ಮುಟ್ಟೋ ಮುಂಚೆ ಕ್ಯಾಬಿನೆಟ್ ಲೋಹ ಮುಟ್ಟಿ, ಎದ್ದು ಹೋಗಿ ಬಂದ್ರೆ ಮತ್ತೆ ಮುಟ್ಟಿ.

ಒಂದೊಂದಾಗಿ ಕವರಿಗೆ

ಎಲ್ಲದಕ್ಕೂ ಅನ್ವಯ ಆಗೋದು: ಪಾರ್ಟನ್ನ ಅಂಚಲ್ಲಿ ಹಿಡೀರಿ, ಚಿನ್ನದ ಬಣ್ಣದ ಕಾಂಟ್ಯಾಕ್ಟ್ ಮುಟ್ಟಬೇಡಿ, ಒಳಗೆ ಹಾಕೋ ಮುಂಚೆ ಕವರನ್ನೂ ಒಂದ್ಸಲ ಕ್ಯಾಬಿನೆಟ್ಟಿಗೆ ತಾಗಿಸಿ.

ರ‍್ಯಾಮ್ ಸುಲಭ. ಬಂದಿದ್ದ ಪ್ಲಾಸ್ಟಿಕ್ ಕ್ಲ್ಯಾಮ್‌ಶೆಲ್ (ಪುಸ್ತಕದ ಹಾಗೆ ತೆರೆದು ಮುಚ್ಚೋ ಡಬ್ಬಿ) ಇದ್ರೆ ಅದರಲ್ಲಿಟ್ಟು, ಆ ಕ್ಲ್ಯಾಮ್‌ಶೆಲ್‌ನ ಶೀಲ್ಡಿಂಗ್ ಕವರಿಗೆ ಹಾಕಿ. ಇಲ್ಲಾಂದ್ರೆ ಒಂದು ಸ್ಟಿಕ್ಕಿಗೆ ಒಂದು ಕವರ್, ಎರಡೂ ಬದಿಗೆ ಒಂದೊಂದು ಗಟ್ಟಿ ರಟ್ಟು ಕವರಿನ ಹೊರಗಡೆ. ಡೆಸ್ಕ್‌ಟಾಪ್ ರ‍್ಯಾಮ್ 133 ಮಿಲಿಮೀಟರ್ ಉದ್ದ, ರಟ್ಟು ಅದಕ್ಕಿಂತ ಎರಡು ಬೆರಳು ಹೆಚ್ಚು ಇರಲಿ. ಎನ್‌ವಿಎಂಇ ಎಸ್‌ಎಸ್‌ಡಿಗೂ (ನೇರ ಬೋರ್ಡಿಗೇ ಚುಚ್ಚೋ ಪಟ್ಟಿಯಂಥ ಸ್ಟೋರೇಜ್) ಇದೇ, ಅದು ಇನ್ನೂ ತೆಳು, ಬಗ್ಗಿದ್ರೆ ಚಿಪ್ ಬೆಸುಗೆ ಬಿಡತ್ತೆ.

ಸಿಪಿಯು, ಅಂದ್ರೆ ಪ್ರೊಸೆಸರ್, ವಿಷಯಕ್ಕೆ ಬಂದ್ರೆ ಎಎಂಡಿ ಕಂಪನಿಯ ಎಎಂ4 ಸಾಕೆಟ್ಟಿನ ಪ್ರೊಸೆಸರ್ ಅತಿ ನಾಜೂಕು, ಅಡಿಯಲ್ಲಿ 1,331 ಪಿನ್ ಇರತ್ತೆ. ತೆಗೆಯೋವಾಗಲೇ ಹುಷಾರು. ಕಂಪ್ಯೂಟರ್ ಆಫ್ ಮಾಡೋ ಮುಂಚೆ ಹತ್ತು ನಿಮಿಷ ಗೇಮೋ ಏನೋ ಓಡಿಸಿ ಬಿಸಿ ಮಾಡಿ, ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚಿ ಒಣಗಿರೋ ಥರ್ಮಲ್ ಪೇಸ್ಟ್ ಮೆತ್ತಗಾಗತ್ತೆ, ಆಫ್ ಮಾಡಿ ಪ್ಲಗ್ ಕಿತ್ತ ಮೇಲೆ ಕೂಲರನ್ನ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ತಿರುಗಿಸಿ ಬಿಡಿಸ್ಕೊಳ್ಳಿ. ನೇರ ಮೇಲಕ್ಕೆ ಎಳೆದ್ರೆ ಲಿವರ್ ಲಾಕ್ ಆಗಿದ್ರೂ ಪ್ರೊಸೆಸರ್ ಕೂಲರಿಗೆ ಅಂಟಿಕೊಂಡೇ ಸಾಕೆಟ್ಟಿಂದ ಕಿತ್ತು ಬರತ್ತೆ, ಬರೋವಾಗ ಒಂದು ಸಾಲು ಪಿನ್ ಬಗ್ಗಿರತ್ತೆ. ಪೇಸ್ಟನ್ನ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಒರಿಜಿನಲ್ ಕ್ಲ್ಯಾಮ್‌ಶೆಲ್‌ನಲ್ಲಿ ಕೂರಿಸಿ. ಅದು ಕಳೆದುಹೋಗಿದ್ರೆ ಕಪ್ಪು ಕಂಡಕ್ಟಿವ್ ಫೋಮ್ ಮೇಲೆ ಪಿನ್‌ಗಳನ್ನ ನೇರವಾಗಿ ಸಮನಾಗಿ ಒತ್ತಿ ನಿಲ್ಲಿಸಿ, ಆಮೇಲೆ ಶೀಲ್ಡಿಂಗ್ ಕವರ್, ಆಮೇಲೆ ಒಂದು ಗಟ್ಟಿ ಪುಟ್ಟ ಡಬ್ಬ. ಥರ್ಮೊಕೋಲಿಗೆ ಚುಚ್ಚಬೇಡಿ ದಯವಿಟ್ಟು, ಅದು ಸ್ಟ್ಯಾಟಿಕ್ಕಿನ ಕಾರ್ಖಾನೆ. ಇಂಟೆಲ್ ಮತ್ತೆ ಎಎಂಡಿಯದ್ದೇ ಎಎಂ5 ಪ್ರೊಸೆಸರಿಗೆ ಅಡಿಯಲ್ಲಿ ಪಿನ್ ಇಲ್ಲ, ಆ ನಾಜೂಕು ಮದರ್‌ಬೋರ್ಡಿನ ಸಾಕೆಟ್ಟಿಗೆ ಹೋಗಿದೆ.

ಮದರ್‌ಬೋರ್ಡಿಂದ ರ‍್ಯಾಮ್, ಎಸ್‌ಎಸ್‌ಡಿ, ಕೂಲರ್ ಎಲ್ಲ ತೆಗೀರಿ, ಭಾರದ ಟವರ್ ಕೂಲರ್ ಬಿಟ್ಟು ಕಳಿಸಿದ್ರೆ ಅದರ ತೂಕಕ್ಕೇ ಬೋರ್ಡ್ ಸೀಳಬಹುದು. ಪಿನ್ ಇರೋ ಸಾಕೆಟ್ ಮೇಲೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಬಂದಿರತ್ತಲ್ಲ, ಅದನ್ನ ಹಾಕ್ಲೇಬೇಕು. ಇಲ್ಲ ಅಂದ್ರೆ ಸರ್ವಿಸ್ ಅಂಗಡೀಲಿ ಕೇಳಿ ಒಂದು ಹೊಂದಿಸ್ಕೊಳ್ಳಿ, ಅದರ ಬದಲು ಟಿಶ್ಯೂ ಪೇಪರ್, ಹತ್ತಿ ಏನನ್ನೂ ಪಿನ್ ಮೇಲೆ ಇಡಬೇಡಿ, ನೂಲು ಸಿಕ್ಕಿಕೊಂಡು ಎಳೆದ್ರೆ ಪಿನ್ನೇ ಬರತ್ತೆ. ಬೋರ್ಡಿನ ಹಿಂಬದಿ ಬೆಸುಗೆ ಮೊನೆಗಳು ಮುಳ್ಳಿನ ಹಾಗಿರತ್ತೆ, ಬೆರಳಾಡಿಸಿದ್ರೆ ಗೊತ್ತಾಗತ್ತೆ, ಅವೇ ಶೀಲ್ಡಿಂಗ್ ಕವರನ್ನ ಒಳಗಿಂದ ತೂತು ಮಾಡೋದು. ಹಾಗಾಗಿ ಹಿಂಬದಿಗೆ ಬೋರ್ಡ್ ಅಳತೆಯ ಗುಲಾಬಿ ಫೋಮ್ ಶೀಟ್ ಇಟ್ಟು ಎರಡನ್ನೂ ಸೇರಿಸಿ ಕವರಿಗೆ ಇಳಿಸಿ. ಆಮೇಲೆ ಕವರಿನ ಹೊರಗೆ ಮೇಲೆ ಕೆಳಗೆ ರಟ್ಟು.

ಗ್ರಾಫಿಕ್ಸ್ ಕಾರ್ಡಿಗೆ ಅದರದ್ದೇ ಬಾಕ್ಸಿದ್ರೆ ಅರ್ಧ ಚಿಂತೆ ಹೋಯ್ತು. ಇಲ್ಲದೋರು ಗಮನಿಸಬೇಕಾದ್ದು ಮುಖ್ಯವಾಗಿ ಹಿಂದಿನ ಲೋಹದ ಬ್ರ್ಯಾಕೆಟ್. ಅದರ ಕೆಳಗಿನ ನಾಲಿಗೆ ಚೂಪಾಗಿರತ್ತೆ, ಬಾಕ್ಸ್ ಆ ಬದಿಗೆ ಬಿದ್ದ ತಕ್ಷಣ ಕವರ್, ಬಬಲ್ ರ‍್ಯಾಪ್, ಬಾಕ್ಸ್ ಮೂರನ್ನೂ ಚುಚ್ಚಿಕೊಂಡು ಹೊರಗೆ ಬರತ್ತೆ. ದಪ್ಪ ರಟ್ಟನ್ನ ಮೂರು ಮಡಿಕೆ ಮಾಡಿ, ಕಾರ್ಡ್ ಕವರಿಗೆ ಹೋದ ಮೇಲೆ ಆ ತುದಿಗೆ ಟೋಪಿ ಥರ ಹಾಕಿ. ಡಿಸ್‌ಪ್ಲೇ ಪೋರ್ಟ್, ಪಿಸಿಐ ಕಾಂಟ್ಯಾಕ್ಟ್‌ಗಳ ರಬ್ಬರ್ ಮುಚ್ಚಳ ಇದ್ರೆ ಹಾಕಿ. ಫ್ಯಾನ್ ಇರೋ ಕಡೆ ಬಬಲ್ ರ‍್ಯಾಪನ್ನ ಬಿಗಿದು ಕಟ್ಟಬೇಡಿ, ಫ್ಯಾನ್ ಬ್ಲೇಡ್ ಮೇಲೆ ಭಾರ ಬಿದ್ರೆ ಮುರಿಯತ್ತೆ, ಆ ಬದಿಗೆ ಅಂಚಿಗೆ ಆನಿಸಿ ಒಂದು ರಟ್ಟು ಕೊಟ್ಟು ಅದರ ಮೇಲೆ ಸುತ್ತಿ. ಕ್ಯಾಬಿನೆಟ್ಟಿನೊಳಗೇ ಕಾರ್ಡ್ ಬಿಟ್ಟು ಇಡೀ ಪಿಸಿ ಕಳಿಸೋದಂತೂ ಯೋಚನೇನೂ ಮಾಡ್ಬೇಡಿ, ದೊಡ್ಡ ಕಾರ್ಡ್ ಒಂದೂವರೆ ಎರಡು ಕೆಜಿ ತೂಗತ್ತೆ, ಲಾರಿ ಕುಲುಕಾಟಕ್ಕೆ ಸ್ಲಾಟ್ ಕಿತ್ತು ಬರತ್ತೆ.

ಹಾರ್ಡ್ ಡಿಸ್ಕಿಗೆ ಶೀಲ್ಡಿಂಗ್ ಕವರ್ ಅಡಿಯಲ್ಲಿರೋ ಸರ್ಕ್ಯೂಟ್‌ಗೋಸ್ಕರ, ಆದ್ರೆ ಅದರ ನಿಜವಾದ ಶತ್ರು ಪೆಟ್ಟು. ಆರೂ ಕಡೆ ಕನಿಷ್ಠ 5 ಸೆಂಟಿಮೀಟರ್ ಮೆತ್ತೆ, ಎರಡು ಡಿಸ್ಕ್ ಇದ್ರೆ ಒಂದಕ್ಕೊಂದು ತಾಗಬಾರದು.

ಎಲ್ಲ ಕವರಿನ ಬಾಯಿ ಎರಡು ಸಲ ಮಡಚಿ ಹೊರಗಡೆಯಿಂದ ಸಣ್ಣ ಪೇಪರ್ ಟೇಪ್ ಹಚ್ಚಿ. ಟೇಪ್ ರೋಲಿಂದ ಪರ್ರ್ ಅಂತ ಎಳೆಯೋದು ಪಾರ್ಟಿಂದ ದೂರ ನಿಂತು ಮಾಡಿ, ಯಾಕಂದ್ರೆ ಟೇಪ್ ಸುಲಿಯೋದೇ ಸ್ಟ್ಯಾಟಿಕ್ ಹುಟ್ಟಿಸೋ ದೊಡ್ಡ ದಾರಿ. ಎಷ್ಟು ಅಂದ್ರೆ 2008ರಲ್ಲಿ ಅಮೆರಿಕದ ಯುಸಿಎಲ್‌ಎ ವಿಜ್ಞಾನಿಗಳು ನಿರ್ವಾತದಲ್ಲಿ ಮಾಮೂಲಿ ಅಂಟು ಟೇಪ್ ಸುಲಿದು ಎಕ್ಸ್‌ರೇ ಹುಟ್ಟಿಸಿ, ಒಂದು ಬೆರಳಿನ ಚಿತ್ರಾನೂ ತೆಗೆದಿದ್ರು. ಮನೇಲಿ ನಿರ್ವಾತ ಇಲ್ಲ ಬಿಡಿ, ಆದ್ರೂ ಬರೀ ಬೋರ್ಡಿನ ಪಕ್ಕ ಬ್ರೌನ್ ಟೇಪ್ ಎಳೆಯೋದು ಬೇಡ.

ಬಾಕ್ಸ್ ಕಟ್ಟೋದು

ಪಾರ್ಟ್ ಕವರೊಳಗೆ ಸೇರಿ ಬಾಯಿ ಮುಚ್ಚಿದ ಮೇಲೆ ಸಾದಾ ಬಬಲ್ ರ‍್ಯಾಪ್ ಧಾರಾಳವಾಗಿ ಬಳಸಿ, ಗುಳ್ಳೆಗಳು ಒಳಮುಖ ಇರಲಿ. ಸುತ್ತಿದ್ದನ್ನ ಒಂದು ಸಣ್ಣ ಬಾಕ್ಸಲ್ಲಿಟ್ಟು, ಆ ಬಾಕ್ಸನ್ನ ಇನ್ನೊಂದು ದೊಡ್ಡ ಬಾಕ್ಸಲ್ಲಿ ಕೂರಿಸೋದು ಗ್ರಾಫಿಕ್ಸ್ ಕಾರ್ಡ್, ಮದರ್‌ಬೋರ್ಡ್, ಹಾರ್ಡ್ ಡಿಸ್ಕಿಗೆ ಕಡ್ಡಾಯ ಅಂತಾನೇ ನಾನು ಹೇಳೋದು. ಹೊರಗಿನ ಬಾಕ್ಸ್ 5 ಪ್ಲೈ, ಅಂದ್ರೆ ಐದು ಪದರದ ರಟ್ಟಿನದು, ಕಿರಾಣಿ ಅಂಗಡಿಯ ಬಿಸ್ಕೆಟ್ ಬಾಕ್ಸ್ 3 ಪ್ಲೈ, ಅದು ರ‍್ಯಾಮಿಗಷ್ಟೇ ಸಾಕು. ನಡುವಿನ ಜಾಗಕ್ಕೆ ಉಂಡೆ ಮಾಡಿದ ನ್ಯೂಸ್ ಪೇಪರ್ ಗಟ್ಟಿಯಾಗಿ ತುರುಕಿ. ಮುಚ್ಚಿ, ಕಿವಿ ಹತ್ರ ಹಿಡಿದು ಅಲ್ಲಾಡಿಸಿ, ಒಳಗೆ ಏನಾದ್ರೂ ಸರಿದಾಡಿದ್ರೆ ಮತ್ತೆ ತೆಗೆದು ತುಂಬಿ. ಸೊಂಟದೆತ್ತರದಿಂದ ಯಾವ ಮೂಲೆ ಮೇಲೆ ಬಿದ್ರೂ ತಡೀಬೇಕು ಅನ್ನೋ ಲೆಕ್ಕದಲ್ಲಿ ಕಟ್ಟಿ, ಫ್ರಜೈಲ್ ಸ್ಟಿಕ್ಕರ್ ನಂಬ್ಕೊಂಡು ಕಟ್ಟಬೇಡಿ, ಅದನ್ನ ಓದೋಷ್ಟು ಪುರುಸೊತ್ತು ಯಾರಿಗೂ ಇಲ್ಲ.

ಟೇಪು ಎರಡಿಂಚಿನದು, ಮೇಲೂ ಕೆಳಗೂ ನಡುವಿನ ಸೀಳಿಗೆ ಒಂದು, ಎರಡು ಅಂಚಿಗೆ ಒಂದೊಂದು. ಜೂನ್‌ನಿಂದ ಸೆಪ್ಟೆಂಬರ್ ತನಕ ಒಳಗಿನ ಬಾಕ್ಸನ್ನ ದಪ್ಪ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ, ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಹಾಕಿ, ಮಳೇಲಿ ನೆಂದ ಬಾಕ್ಸ್ 5 ಪ್ಲೈ ಆದ್ರೂ ಹಪ್ಪಳವೇ. ಅಡ್ರೆಸ್, ಫೋನ್ ನಂಬರ್ ಬರೆದ ಚೀಟಿ ಬಾಕ್ಸೊಳಗೂ ಒಂದಿರಲಿ. ವಾರಂಟಿಗಾದ್ರೆ ಆರ್‌ಎಂಎ ನಂಬರ್ (ವಾಪಸ್ ಕಳಿಸೋಕೆ ಕಂಪನಿ ಕೊಡೋ ನಂಬರ್) ಹೊರಗೂ ಒಳಗೂ.

ಕೌಂಟರಲ್ಲಿ

ದೊಡ್ಡ ಬಾಕ್ಸ್ ಅಂದ್ರೆ ತೂಕದ ದುಡ್ಡಲ್ಲ, ಅಳತೆಯ ದುಡ್ಡು. ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5,000ದಿಂದ ಭಾಗಿಸೋದು ಸಾಮಾನ್ಯ ಲೆಕ್ಕ, 40, 30, 20ರ ಬಾಕ್ಸಿಗೆ 4.8 ಕೆಜಿ ಬಂತು, ಒಳಗಿನ ಕಾರ್ಡ್ ಒಂದೂವರೆ ಕೆಜಿ ಇದ್ರೂ ಕೊಡ್ಬೇಕಾಗಿರೋದು ಇದಕ್ಕೆ. ಹಾಗಂತ ಮೆತ್ತೆ ಕಡಿಮೆ ಮಾಡಿ ಉಳಿತಾಯ ಮಾಡೋದು ಬೇಡ. ಹಿಂದೆ ರಿಜಿಸ್ಟರ್ಡ್ ಪೋಸ್ಟ್ ಮಾಡ್ತಿದ್ದೋರಿಗೆ, 2025ರಲ್ಲಿ ಅಂಚೆ ಇಲಾಖೆ ಅದನ್ನ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಟ್ಟಿದೆ, ಈಗ ಕೇಳಬೇಕಾಗಿರೋದು ಸ್ಪೀಡ್ ಪೋಸ್ಟ್. ಬಿಲ್ ಜೆರಾಕ್ಸ್ ತಗೊಂಡು ಹೋಗಿ, ಇನ್ಶೂರೆನ್ಸ್ ಇದ್ಯಾ ಕೇಳಿ ಮಾಡಿಸಿ, ಆದ್ರೆ ಹೊರಗೆ ಪೆಟ್ಟು ಕಾಣದೆ ಒಳಗೆ ಸತ್ತಿರೋ ಪಾರ್ಟಿಗೆ ಕ್ಲೇಮ್ ಗಿಟ್ಟಿಸೋದು ಕಷ್ಟ, ಅದಕ್ಕೇ ಇಷ್ಟೆಲ್ಲ ಹೇಳಿದ್ದು. ಬಿಡಿ ಲ್ಯಾಪ್‌ಟಾಪ್ ಬ್ಯಾಟರಿ, ಪವರ್ ಬ್ಯಾಂಕ್ ಇದೇ ಬಾಕ್ಸಿಗೆ ತುರುಕಬೇಡಿ, ಲಿಥಿಯಂ ಬ್ಯಾಟರಿ ಅಪಾಯಕಾರಿ ಸಾಮಾನಿನ ಲೆಕ್ಕಕ್ಕೆ ಬರತ್ತೆ, ಪಾರ್ಸೆಲ್ಲೇ ನಿಲ್ಲಿಸ್ತಾರೆ.

ಆ ಕಡೆ ತಗೊಳ್ಳೋರಿಗೆ

ಈ ನಾಲ್ಕು ಮಾತು ವಾಟ್ಸಾಪಲ್ಲಿ ಕಳಿಸಿಬಿಡಿ. ಬಾಕ್ಸ್ ಸೀಲ್ ಸಮೇತ ಕಾಣೋ ಹಾಗೆ ಒಂದೇ ಓಟದಲ್ಲಿ ವಿಡಿಯೋ ಮಾಡ್ತಾ ಬಿಚ್ಚಲಿ. ಕವರ್ ಬಾಯಿ ತೆಗೆಯೋ ಮುಂಚೆ ಕ್ಯಾಬಿನೆಟ್ ಲೋಹ ಮುಟ್ಟಿ, ಕವರನ್ನೂ ತಾಗಿಸಿ, ಆಮೇಲೆ ಪಾರ್ಟ್ ತೆಗೀಲಿ, ಇಷ್ಟು ಜೋಪಾನ ಮಾಡಿ ಕಳಿಸಿದ್ದನ್ನ ಉಣ್ಣೆ ಸ್ವೆಟರ್ ಹಾಕ್ಕೊಂಡು ಹಾಸಿಗೆ ಮೇಲೆ ಕೂತು ಬಿಚ್ಚಿದ್ರೆ ಯಾರೇನು ಮಾಡೋಕಾಗತ್ತೆ. ತಣ್ಣಗಿರೋ ಜಾಗದಿಂದ ಸೆಕೆ ಊರಿಗೆ ಬಂದಿದ್ರೆ ಒಂದೆರಡು ಗಂಟೆ ಹಾಗೇ ಇಟ್ಟು, ಒಳಗೆ ಹನಿ ಕಟ್ಟಿದ್ರೆ ಆರಿದ ಮೇಲೆ ಕರೆಂಟ್ ಕೊಡಲಿ. ಟೆಸ್ಟ್ ಮಾಡೋವಾಗ ಬೋರ್ಡನ್ನ ಶೀಲ್ಡಿಂಗ್ ಕವರ್ ಮೇಲಿಟ್ಟು ಆನ್ ಮಾಡೋದು ಬೇಡ, ಅದರಲ್ಲಿ ಲೋಹ ಇದೆ, ಬೋರ್ಡಿನ ರಟ್ಟಿನ ಬಾಕ್ಸ್ ಮೇಲಿಡಲಿ. ಕವರು, ಸಾಕೆಟ್ ಮುಚ್ಚಳ, ಕ್ಲ್ಯಾಮ್‌ಶೆಲ್ ಎಲ್ಲ ವಾರಂಟಿ ಮುಗಿಯೋವರೆಗೆ ಎತ್ತಿಟ್ಕೊಳ್ಳಲಿ, ವಾಪಸ್ ಕಳಿಸೋ ಪ್ರಸಂಗ ಬಂದ್ರೆ ಮತ್ತೆ ಅಂಗಡಿ ಅಲೀಬೇಕಾಗಲ್ಲ.